ಗೀರಲ್ಲ, ಗುರುತು

ಅಚ್ಚುಕೂಟದಲ್ಲಿ ಕರಡು ತಿದ್ದುವುದು ನನ್ನ ಕೆಲಸ. ಕಂಡವರ ತಪ್ಪು ಹುಡುಕಿ ಹುಡುಕಿ ಇವಳಿಗೆ ಸಿಟ್ಟು ಮೂಗಿನ ತುದಿಯಲ್ಲೇ ಕೂತಿದೆ ಎಂದು ಮನೆಯಲ್ಲಿ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಆದರೆ ನನ್ನ ಮೈ ಉರಿಸಿದ ಪುಸ್ತಕದಲ್ಲಿ ಒಂದೇ ಒಂದು ಅಕ್ಷರವೂ ತಪ್ಪಿರಲಿಲ್ಲ. ಸೆಂಟಿನ ಹನ್ನೆರಡು ಗಾಜಿನ ಸೀಸೆಗಳ ಪ್ರದರ್ಶನಕ್ಕೆಂದು ಮಾಡಿಸಿದ ತೆಳ್ಳನೆಯ ಪುಸ್ತಕ ಅದು. ಪುಟಕ್ಕೊಂದು ಸೀಸೆ, ಪ್ರತಿ ಸೀಸೆಯ ಕೆಳಗೂ ಕಲಾವಿದನ ಹೆಸರು. ಗಾಜು ಊದಿದವನಿಗೆ ಕೊನೆಯ ಪುಟದಲ್ಲಿ ಸಣ್ಣಕ್ಷರದ ಒಂದು ಸಾಲು. ಬಿರಡೆ ಕೂರಿಸಿದ ನನ್ನ ದೊಡ್ಡಮ್ಮನ ಹೆಸರು ಮಾತ್ರ ಎಲ್ಲಿಯೂ ಇಲ್ಲ. ಇದ್ದದ್ದನ್ನು ತಿದ್ದಬಹುದು, ಇಲ್ಲದ ಹೆಸರನ್ನು ಸೇರಿಸಲು ನಾನು ಯಾರು?

ದೊಡ್ಡಮ್ಮ ಎಂದರೆ ನನ್ನ ಅಮ್ಮನ ಅಕ್ಕ. ಗಾಜಿನ ಕಾರ್ಖಾನೆಯಲ್ಲಿ ಎಲ್ಲರಿಗೂ ಬಿರಡೆಯಮ್ಮ. ಮೂವತ್ತೊಂದು ವರ್ಷದಿಂದ ಕಿಟಕಿ ಪಕ್ಕದ ಅದೇ ಚಕ್ರ, ಅದೇ ಮುಕ್ಕಾಲಿ. ಸೀಸೆಯ ಕುತ್ತಿಗೆಯೂ ಬಿರಡೆಯೂ ಅವಳ ಬಳಿಗೆ ಒರಟಾಗಿಯೇ ಬರುತ್ತವೆ. ಬಿರಡೆಯನ್ನು ಚಕ್ರಕ್ಕೆ ಸಿಕ್ಕಿಸಿ, ಉಜ್ಜುವ ಪುಡಿಯನ್ನು ನೀರಲ್ಲಿ ಕಲಸಿ ಹಚ್ಚಿ, ಅದರ ಮೇಲೆ ಸೀಸೆಯನ್ನು ಕೈಯಲ್ಲೇ ಹಿಡಿದು ಅರೆಯುತ್ತಾಳೆ. ಮೊದಲು ಕರಕರ ಸದ್ದು. ಆಮೇಲೆ ಪಿಸುಮಾತಿನಂಥದ್ದು. ಕೊನೆಗೆ ಸದ್ದೇ ಇಲ್ಲ. ಸದ್ದಡಗಿದರೆ ಆ ಬಿರಡೆ ಆ ಕುತ್ತಿಗೆಗೆ ಸೇರಿತು ಎಂದರ್ಥ. ಮತ್ತೆ ಅದು ಬೇರಾವ ಸೀಸೆಗೂ ಕೂರುವುದಿಲ್ಲ, ಬಲವಂತ ಮಾಡಿದರೆ ಕುತ್ತಿಗೆ ಸೀಳುತ್ತದೆ. ಅದಕ್ಕೇ ಅವಳು ವಜ್ರದ ಮೊನೆಯ ಕಡ್ಡಿಯಿಂದ ಕುತ್ತಿಗೆಯ ಮೇಲೊಂದು, ಬಿರಡೆಯ ಬುಡದಲ್ಲೊಂದು ಒಂದೇ ತೆರನ ಗುರುತು ಕೊರೆಯುತ್ತಾಳೆ. ಒಂದಕ್ಕೆ ಅಡ್ಡಗೆರೆ, ಇನ್ನೊಂದಕ್ಕೆ ಎರಡು ಚುಕ್ಕೆ, ಮತ್ತೊಂದಕ್ಕೆ ಗುಬ್ಬಿಕಾಲು.

ಕಲಾವಿದನ ಸೀಸೆಗಳು ಚೆನ್ನಾಗಿರಲಿಲ್ಲ ಎಂದರೆ ನನ್ನ ಬಾಯಲ್ಲಿ ಹುಳ ಬೀಳುತ್ತದೆ. ಒಂದು ಮಡಿಸಿದ ಕೊಡೆಯ ಹಾಗೆ, ಇನ್ನೊಂದು ಮುದುಡಿ ಎಸೆದ ಕಾಗದದ ಹಾಗೆ. ಹೊಗೆಬಣ್ಣದ್ದೊಂದು ಇತ್ತು, ಅದರ ಬಿರಡೆ ತಲೆಬಾಗಿಸಿ ಕೂತ ಹಕ್ಕಿಯಂತಿತ್ತು. ಅದನ್ನು ಕೂರಿಸಲು ದೊಡ್ಡಮ್ಮನಿಗೆ ಒಂಬತ್ತು ದಿನ ಹಿಡಿಯಿತು. ಮನೆಗೆ ಬಂದರೆ ಬೆರಳು ಮಡಿಸಲಾಗದೆ ಬಿಸಿನೀರಲ್ಲಿ ಕೈ ಅದ್ದಿಕೊಂಡು ಕೂರುತ್ತಿದ್ದಳು, ಬಾಯಲ್ಲಿ ಮಾತ್ರ ಹಕ್ಕಿಯದೇ ಮಾತು.

ಪ್ರದರ್ಶನ ಶುರುವಾದ ಮೂರನೇ ದಿನ ಕಲಾವಿದ ಕಾರ್ಖಾನೆಗೆ ಬಂದು ಎಗರಾಡಿದನಂತೆ. ಬಿರಡೆಗಳೆಲ್ಲ ಸಡಿಲ, ಸೆಂಟು ಸೋರಿ ಮೇಜೆಲ್ಲ ಒದ್ದೆ, ಹಕ್ಕಿಯ ಸೀಸೆಯ ಕುತ್ತಿಗೆಯಂತೂ ಸೀಳಿಯೇ ಹೋಗಿದೆ, ಬಿರಡೆಯಮ್ಮನಿಗೆ ವಯಸ್ಸಾಯಿತು, ಕೈ ನಡುಗುತ್ತದೆ ಎಂದು ಎಲ್ಲರೆದುರು ಹೇಳಿದ. ಯಜಮಾನರು ಹಿಂದುಮುಂದು ನೋಡಲಿಲ್ಲ. ಬಿರಡೆ ಕೂರಿಸಿದವಳ ತಲೆಯ ಮೇಲೇ ಗೂಬೆ ಕೂರಿಸಿ, ನಾಳೆಯಿಂದ ಹುಲ್ಲು ಸುತ್ತಿ ಪೆಟ್ಟಿಗೆ ತುಂಬುವ ಕೋಣೆಗೆ ಹೋಗು ಎಂದರು. ದೊಡ್ಡಮ್ಮ ತುಟಿ ಪಿಟಕ್ಕೆನ್ನದೆ ಮನೆಗೆ ಬಂದಳು. ಅವಳ ಈ ಸುಮ್ಮನಿರುವ ಗುಣ ಕಂಡರೆ ನನಗಾಗದು.

"ನನ್ನ ಕೈ ನಡುಗುತ್ತಾ, ನೋಡೇ" ಎಂದು ಎರಡೂ ಅಂಗೈ ನನ್ನ ಮುಂದೆ ಚಾಚಿದಳು. ನಡುಗುತ್ತಿರಲಿಲ್ಲ.

ಮರುದಿನ ರಜೆ ಹಾಕಿ ಅವಳನ್ನು ಹೆಚ್ಚುಕಡಿಮೆ ಎಳೆದುಕೊಂಡೇ ಪ್ರದರ್ಶನಕ್ಕೆ ಹೋದೆ. ಬಿಳಿ ಗೋಡೆ, ಸೀಸೆಗೊಂದು ದೀಪ, ಕಾಲಿಟ್ಟರೆ ತಲೆ ಸುತ್ತುವಷ್ಟು ಘಮ. ದೊಡ್ಡಮ್ಮ ಮೊದಲ ಸೀಸೆಯ ಬಳಿ ಬಗ್ಗಿದಳು. ಎರಡನೆಯದನ್ನು ನೋಡಿದಳು. ಮೂರನೆಯದಕ್ಕೆ ಹೋಗುವಷ್ಟರಲ್ಲಿ ಅವಳ ಮುಖ ಕಪ್ಪಿಟ್ಟಿತು. ಕುತ್ತಿಗೆಯ ಮೇಲೆ ಗುರುತೇ ಇರಲಿಲ್ಲ.

ಅಲ್ಲಿನ ಮೇಲ್ವಿಚಾರಕಿಯನ್ನು ಕೇಳಿದೆ. ಪಾಪ, ಆಕೆ ಮುಚ್ಚುಮರೆಯಿಲ್ಲದೆ ಹೇಳಿದಳು. ದೀಪದ ಬೆಳಕಿಗೆ ಗೀರುಗಳು ಎದ್ದು ಕಾಣುತ್ತಿದ್ದವಂತೆ, ಕಲಾವಿದರೇ ಬೇರೆ ಕಡೆ ಕಳಿಸಿ ಪಾಲಿಶ್ ಹಾಕಿಸಿದರಂತೆ. ಅಲ್ಲಿ ಬಿರಡೆಗಳನ್ನೆಲ್ಲ ತೆಗೆದು ಒಂದೇ ತಟ್ಟೆಯಲ್ಲಿಟ್ಟು ತೊಳೆದರಂತೆ. ಆಮೇಲೆ ಬಣ್ಣ ಒಪ್ಪುವ ಹಾಗೆ ನೋಡಿ ಹಾಕಿದರಂತೆ. ಬಣ್ಣ ಒಪ್ಪುವ ಹಾಗೆ! ಒಂಬತ್ತು ದಿನ ಅರೆದು ಸೇರಿಸಿದ್ದನ್ನು ಒಂದು ಮಧ್ಯಾಹ್ನದಲ್ಲಿ ಕಲಸಿ, ತಪ್ಪನ್ನು ಅರೆದವಳ ಕೈಗೆ ಅಂಟಿಸಿದ್ದರು. ನನಗೆ ಆ ಬಿಳಿ ಗೋಡೆಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು.

ಸುದ್ದಿ ಮುಟ್ಟಿ ಕಲಾವಿದ ಬಂದ. ದೊಡ್ಡಮ್ಮ ಅವನ ಕಡೆ ನೋಡಲೂ ಇಲ್ಲ. ಸೀಳಿದ ಹಕ್ಕಿಯ ಸೀಸೆ ಬಿಟ್ಟು ಉಳಿದ ಹನ್ನೊಂದನ್ನು ಖಾಲಿ ಮಾಡಿಸಿ ಒರೆಸಿಸಿದಳು. ಬಿರಡೆಗಳನ್ನು ಮುಂದಿಟ್ಟುಕೊಂಡು, ಕಣ್ಣು ಮುಚ್ಚಿ, ಒಂದೊಂದನ್ನೇ ಕುತ್ತಿಗೆಯಲ್ಲಿಟ್ಟು ಹೆಬ್ಬೆರಳಲ್ಲಿ ತುಸುವೇ ತಿರುಗಿಸುತ್ತ ಹೋದಳು. ಕರ್ ಎಂದರೆ ಪಕ್ಕಕ್ಕೆ. ಸದ್ದಿಲ್ಲದಿದ್ದರೆ ಅಲ್ಲೇ. ಊಟದ ಹೊತ್ತಿಗೆ ಹನ್ನೊಂದೂ ಕೂತಿದ್ದವು. ಒಂದರಲ್ಲಿ ನೀರು ತುಂಬಿ ಕಲಾವಿದನ ಅಂಗೈ ಮೇಲೆ ತಲೆಕೆಳಗಾಗಿ ಹಿಡಿದಳು. ಒಂದು ಹನಿಯೂ ಬೀಳಲಿಲ್ಲ.

ಕಲಾವಿದನಿಗೆ ಜೀವ ಬಂದಂತಾಯಿತು. ನಿಮ್ಮಂಥವರು ಈಗ ಸಿಗುವುದಿಲ್ಲ ಎಂದ, ಕೈ ಮುಗಿದ, ಹೊರಡಲು ಕಾರು ತರಿಸಲೇ ಎಂದ. ಕಾರ್ಖಾನೆಯ ಮಾತು ಮಾತ್ರ ಎತ್ತಲಿಲ್ಲ. ಯಜಮಾನರಿಗೆ ಫೋನು ಮಾಡಿ ನಿಜ ಹೇಳಿ ಎಂದು ನಾನೇ ಬಾಯಿಬಿಟ್ಟೆ. ಅದನ್ನೆಲ್ಲ ನಿಧಾನವಾಗಿ ನೋಡೋಣ ಎಂದ.

ದೊಡ್ಡಮ್ಮ ಆಗ ಒಂದು ಕೆಲಸ ಮಾಡಿದಳು. ಹನ್ನೊಂದು ಬಿರಡೆಗಳನ್ನೂ ಒಂದೊಂದಾಗಿ, ಅವಸರವಿಲ್ಲದೆ ತೆಗೆದು ತಟ್ಟೆಗೆ ಹಾಕಿದಳು. ಕೈಯಾಡಿಸಿ ಕಲಸಿದಳು.

"ಈಗ ನೀವೇ ಹಾಕಿ. ಸೀಸೆ ನಿಮ್ದಲ್ವಾ."

ಕಲಾವಿದ ಇಂಗು ತಿಂದ ಮಂಗನಂತೆ ನಿಂತ. ಆಮೇಲೆ ಹಟಕ್ಕೆ ಬಿದ್ದು ಕೊಡೆಯ ಸೀಸೆಗೆ ಒಂದು ಬಿರಡೆಯನ್ನು ಒತ್ತಿ ತಿರುಗಿಸಿದ. ಕರ್ ಎಂದಿತು. ದೊಡ್ಡಮ್ಮ ಥಟ್ಟನೆ ಅವನ ಮಣಿಕಟ್ಟು ಹಿಡಿದಳು. ಅಷ್ಟು ಅವಮಾನ ಮಾಡಿದವನ ಸೀಸೆ ಒಡೆದರೆ ಇವಳಿಗೇನು ನಷ್ಟ ಎಂದು ನನಗೆ ಅವಳ ಮೇಲೂ ಸಿಟ್ಟು ಬಂತು.

"ಅದರ ಕುತ್ತಿಗೆ ಮುರೀಬೇಡಿ. ಫೋನ್ ಮಾಡಿ" ಎಂದಳು.

ಮಾಡಿದ. ಜೋಡಿಸುವಾಗ ಸಣ್ಣದೊಂದು ಗೊಂದಲವಾಗಿತ್ತು ಎಂದು ಶುರು ಮಾಡಿದವನನ್ನು ಅವಳು ಅಲ್ಲಿಗೇ ತಡೆದಳು.

"ಗೊಂದಲ ಅಲ್ಲ. ನಾನು ಹಾಕಿದ್ದು ಗುರುತು. ನೀವು ಗೀರು ಅಂದ್ಕೊಂಡು ಅಳಿಸಿದ್ರಿ. ಹಂಗೇ ಹೇಳಿ."

ಹಂಗೇ ಹೇಳಿದ. ನಾಳೆ ಚಕ್ರಕ್ಕೆ ಬರಲಿ ಎಂದು ಯಜಮಾನರು ಅಂದದ್ದು ನಮಗೂ ಕೇಳಿಸಿತು. ದೊಡ್ಡಮ್ಮ ಮತ್ತೆ ಕಣ್ಣು ಮುಚ್ಚಿ ಹನ್ನೊಂದನ್ನೂ ಕೂರಿಸಿದಳು. ಮುಗಿದ ಮೇಲೆ ಚೀಲದಿಂದ ವಜ್ರದ ಕಡ್ಡಿ ತೆಗೆದಳು. ಮೇಲ್ವಿಚಾರಕಿ ತಡೆಯಲು ಹೋಗಿ, ಕಲಾವಿದನ ಮುಖ ನೋಡಿ, ಹಿಂದೆ ಸರಿದಳು.

ಈ ಸಲ ಗೆರೆಯಿಲ್ಲ, ಚುಕ್ಕೆಯಿಲ್ಲ, ಗುಬ್ಬಿಕಾಲಿಲ್ಲ. ಒಂದೊಂದು ಬಿರಡೆಯ ಬುಡದಲ್ಲೂ ಒಂದು ಅಂಕಿ. ಅದು ಕೂರುವ ಕುತ್ತಿಗೆಯ ಮೇಲೆ, ದೀಪ ನೇರ ಬೀಳುವ ಕಡೆಯೇ, ಅದೇ ಅಂಕಿಯನ್ನೂ ಅದರ ಪಕ್ಕದಲ್ಲಿ ತನ್ನ ಹೆಸರನ್ನೂ ಕೊರೆದಳು. ಬಿರಡೆಯಮ್ಮ ಎಂದಲ್ಲ, ಅವಳಪ್ಪ ಇಟ್ಟ ಪೂರ್ತಿ ಹೆಸರು. ಕೈ ಎಲ್ಲೂ ನಡುಗಲಿಲ್ಲ. ಪುಸ್ತಕದಲ್ಲಿ ಇವತ್ತಿಗೂ ಆ ಹೆಸರಿಲ್ಲ, ನನ್ನ ಹೊಟ್ಟೆಯುರಿ ಇವತ್ತಿಗೂ ಆರಿಲ್ಲ. ಆದರೆ ಸೀಸೆಗಳ ಮೇಲಿದೆ. ಸ್ವಲ್ಪ ಬಗ್ಗಿ ನೋಡಬೇಕು, ಅಷ್ಟೆ.