ದ್ವೀಪದ ಮೆಣಸಿನಕಾಯಿಯ ಘಾಟು

"ಎಲ್ರೂ ಹನಿಮೂನ್‌ಗೆ ಹೋಗೋ ಜಾಗಕ್ಕೆ ನೀನು ಕುಕ್ಕರ್ರು, ಮಿಕ್ಸಿ ಹೊತ್ಕೊಂಡ್ ಹೋಗ್ತಿದೀಯಲ್ಲೇ!" ಎಂದು ಜಪಾನಿನ ರಾಜಧಾನಿಯಲ್ಲಿ ನಾವಿದ್ದ ನಿಶಿ ಕಸಾಯಿ ಬಡಾವಣೆಯ ಗೆಳತಿಯರು ಹೊಟ್ಟೆಕಿಚ್ಚು ನಟಿಸುತ್ತಲೇ ನಮ್ಮನ್ನು ಬೀಳ್ಕೊಟ್ಟಿದ್ದರು. ನಮ್ಮ ಯಜಮಾನರಿಗೆ ದೇಶದ ದಕ್ಷಿಣ ತುದಿಯ ಓಕಿನಾವಾ ದ್ವೀಪದ ಸಂಶೋಧನಾ ಸಂಸ್ಥೆಯೊಂದರಲ್ಲಿ ಕೆಲಸ ಸಿಕ್ಕಿತ್ತು. ಮಗಳು ಆಗಷ್ಟೇ ಹೆಜ್ಜೆ ಇಡಲು ಕಲಿತಿದ್ದಳು. ಪಪ್ಪಾಯಿ, ಬಾಳೆ, ಬೇಲಿ ತುಂಬ ದಾಸವಾಳ. ಅರ್ಧ ಊರಿಗೇ ಹೋದಂತೆ ಎಂದುಕೊಂಡು ವಿಮಾನ ಹತ್ತಿದೆವು. ಪೆಟ್ಟಿಗೆಗಳನ್ನು ಬಿಚ್ಚಿ ಮುಗಿಸುವುದರೊಳಗೆ ಕೊರೋನಾ ಬಂತು.

ಅಲ್ಲಿಂದಾಚೆ ಸಮುದ್ರವೆಂದರೆ ನಮ್ಮ ಬಾಲ್ಕನಿಯಿಂದ ಎರಡು ಕಟ್ಟಡಗಳ ಸಂದಿಯಲ್ಲಿ ಕಾಣುವ ಸೀರೆಯಂಚಿನಷ್ಟು ನೀಲಿ, ಅಷ್ಟೇ. ಪಾರ್ಕಿನ ಜಾರುಬಂಡೆಗೆ ಹಳದಿ ಪಟ್ಟಿ ಸುತ್ತಿದರು. ಬಾಣಂತನಕ್ಕೆ ಬಂದು ಹೋಗಿದ್ದ ನಮ್ಮತ್ತೆ ಮತ್ತೆ ಬರಬೇಕೆಂದಿದ್ದರೆ ವಿಮಾನವೂ ಇಲ್ಲ, ವೀಸಾವೂ ಇಲ್ಲ. ಊಟದ ಮೇಜಿನ ಒಂದು ತುದಿ ಯಜಮಾನರ ಆಫೀಸು, ಇನ್ನೊಂದು ತುದಿ ನನ್ನ ತರಕಾರಿ ಹೆಚ್ಚುವ ಜಾಗ. ಮೇಜಿನ ಕೆಳಗೆ ಮಗಳ ಸಂಸಾರ.

ಆ ಮೇಜಿನ ಕೆಳಗಿನ ಸಂಸಾರವೇ ನನ್ನ ಚಿಂತೆಯಾಗಿತ್ತು. ಕರೆಗಂಟೆ ಬಾರಿಸಿದರೆ ಸಾಕು, ಅವಳು ಅಲ್ಲಿ ಹೊಕ್ಕು ಕಾಲು ಮಡಚಿಕೊಂಡು ಕೂರುತ್ತಿದ್ದಳು. ಫೋನಿನಲ್ಲಿ ಅಜ್ಜಿಯ ಮುಖ ಕಂಡರೆ ಕಿಟಕಿ ಪರದೆಯ ಹಿಂದೆ. ಕೊಂಬಿನಿ ಎಂಬ ಮೂಲೆಯಂಗಡಿಗೆ ಹಾಲು ತರಲು ಹೋದರೆ, ದುಡ್ಡು ತೆಗೆದುಕೊಳ್ಳುವ ಹುಡುಗಿ ಕೈ ಬೀಸಿದ್ದಕ್ಕೇ ನನ್ನ ಕುತ್ತಿಗೆಗೆ ಜೋತುಬಿದ್ದು ಅಳು. ಮೂರು ತುಂಬುತ್ತ ಬಂದ ಮಗು ಇನ್ನೊಂದು ಮಗುವಿನ ಪಕ್ಕ ಕೂತದ್ದೇ ಇಲ್ಲ. ನಾನೋ, ಒಬ್ಬರ ಮಾತು ಮುಗಿಯುವ ಮೊದಲೇ ನಾಲ್ವರು ಬಾಯಿ ಹಾಕುವ ಮನೆಯಲ್ಲಿ, ದೊಡ್ಡಮ್ಮ ಚಿಕ್ಕಜ್ಜಿಯರ ಮಡಿಲಿಂದ ಮಡಿಲಿಗೆ ದಾಟುತ್ತ ಬೆಳೆದವಳು. ಮನುಷ್ಯರನ್ನು ಕಂಡರೆ ಹೆದರುವ ಮಗುವನ್ನು ಈ ಮೂರು ಕೋಣೆಗಳು ಬೆಳೆಸುತ್ತಿವೆ ಎನ್ನಿಸುತ್ತಿತ್ತು.

ಬಹಳ ಕಾದ ಮೇಲೆ ಹತ್ತಿರದ ಶಿಶುವಿಹಾರದಲ್ಲಿ ಜಾಗ ಸಿಕ್ಕಿತು. ಸೋಮವಾರದಿಂದ ಬನ್ನಿ ಎಂದರು. ರೂಢಿಯಾಗಲೆಂದು ಶುಕ್ರವಾರ ಅವಳಿಗೆ ಗೇಟು ತೋರಿಸಿಕೊಂಡು ಬಂದೆ. ಅಷ್ಟೇ! ಅವತ್ತಿನಿಂದ ತುತ್ತು ಬಾಯಿಗಿಟ್ಟರೆ ಉಗುಳುವುದು, ಶೂ ಕಂಡರೆ ಚೀರುವುದು.

ಭಾನುವಾರ ಸಂಜೆ ಮೈಸೂರಿನಿಂದ ಅತ್ತೆ ಫೋನಿನಲ್ಲಿ ನೋಡಿದವರೇ ತೀರ್ಪು ಕೊಟ್ಟರು. "ದೃಷ್ಟಿ ಕಣಮ್ಮಾ. ಮುಖ ನೋಡು, ಬಾಡಿದ ಬದನೆಕಾಯಿ ಆಗಿದೆ. ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕು."

"ಯಾರ ದೃಷ್ಟಿ ಅಮ್ಮ? ಇವಳನ್ನ ಯಾರೂ ನೋಡೇ ಇಲ್ವಲ್ಲ!" ಎಂದರು ಯಜಮಾನರು.

"ನಿಂದೇ ಇರ್ಬೇಕು. ಇಪ್ಪತ್ನಾಲ್ಕು ಗಂಟೆ ಮನೇಲಿ ಕೂತು ಅದನ್ನೇ ನೋಡ್ತಿರ್ತೀಯಲ್ಲ."

ಊರಿನ ಬ್ಯಾಡಗಿ ಮೆಣಸಿನಕಾಯಿ ಮುಗಿದು ಎಷ್ಟೋ ಕಾಲವಾಗಿತ್ತು; ಅಂಚೆಯೇ ನಿಂತಿತ್ತು. ಇದ್ದದ್ದು ದ್ವೀಪದ ಮೆಣಸಿನಕಾಯಿ. ಬೆರಳಿನ ಉಗುರಿನಷ್ಟು ಗಾತ್ರ, ಇಡೀ ಸಾರಿಗೆ ಒಂದು ಹಾಕಿದರೆ ಸಾಕು. ನಾನು ಒಂದು ಹಿಡಿ ತೆಗೆದುಕೊಂಡೆ. ನಮ್ಮ ಕಡೆ ಯಾರು ಇದನ್ನು ಎಣಿಸಿ ಮಾಡುತ್ತಾರೆ? ಉಪ್ಪು, ಸಾಸಿವೆ ಸೇರಿಸಿ ಮಗಳ ತಲೆಯ ಸುತ್ತ ನಿವಾಳಿಸಿ, ಗ್ಯಾಸಿನ ಮೇಲೆ ಕಾದ ಕಬ್ಬಿಣದ ಬಾಣಲೆಗೆ ಸುರಿದೆ. ದೃಷ್ಟಿ ತಾಗಿದ್ದರೆ ಘಾಟು ಬರುವುದಿಲ್ಲ ಎಂಬುದು ನಮ್ಮ ಹಿರಿಯರ ಲೆಕ್ಕ. ಹೊರಗೆ ತೈಫೂನಿನ ಗಾಳಿ ಬೀಸುತ್ತಿದ್ದುದರಿಂದ ಕಿಟಕಿಗಳನ್ನೆಲ್ಲ ಬಿಗಿದಿದ್ದೆವು ಎಂಬುದು ನನಗೆ ಹೊಳೆಯಲೇ ಇಲ್ಲ.

ಘಾಟು ಎಂದರೆ ಎಂಥ ಘಾಟು! ಯಜಮಾನರು ಮೇಜು ಹಿಡಿದುಕೊಂಡು ಕೆಮ್ಮಿದರು, ನಾನು ಸಿಂಕಿಗೆ ಬಾಗಿ ಕೆಮ್ಮಿದೆ. ಮಗಳು ಹೇಗೋ ಮೊದಲೇ ಬಚ್ಚಲಿಗೆ ಓಡಿ ಬಾಗಿಲು ಹಾಕಿಕೊಂಡಿದ್ದಳು. "ದೃಷ್ಟಿನೂ ಇಲ್ಲ, ಮಣ್ಣೂ ಇಲ್ಲ, ನೋಡು" ಎನ್ನಲು ಹೋಗಿ ಯಜಮಾನರಿಗೆ ಮತ್ತೆ ಕೆಮ್ಮು. "ಆ ಊರಿನ ಮೆಣಸಿನಕಾಯಿಗೆ ನಮ್ಮ ಶಾಸ್ತ್ರ ಏನ್ ಗೊತ್ತೋ!" ಎಂದು ಫೋನಿನಿಂದ ಅತ್ತೆ.

ನಗುತ್ತಲೇ ಬಾಗಿಲು ತೆರೆದೆ. ಕೆಳಗಿನ ಮನೆಯ ಅಜ್ಜಿ ಅರ್ಧ ಮೆಟ್ಟಿಲು ಹತ್ತಿ ಮಾಸ್ಕಿನ ಮೇಲೆ ಅಂಗೈಯನ್ನೂ ಒತ್ತಿಕೊಂಡು ನಿಂತಿದ್ದರು. "ದೈಜೋಬು?" ಅಂದರೆ, ಪರವಾಗಿಲ್ಲವೇ? "ಸುಮಿಮಾಸೆನ್, ಮೆಣಸಿನಕಾಯಿ..." ಎಂದು ಕ್ಷಮೆ ಕೇಳುವಷ್ಟರಲ್ಲಿ ನನಗೆ ಕೆಮ್ಮು ಒತ್ತರಿಸಿ ಬಂತು. ಅವರು ಬಾಗಿ ವಂದಿಸಿ, ಮುಖ ನಮ್ಮ ಕಡೆಗೇ ಇಟ್ಟುಕೊಂಡು, ಹಿಂದುಹಿಂದಕ್ಕೆ ಮೆಟ್ಟಿಲಿಳಿದು ಹೋದರು. ನನ್ನ ನಗು ಅಲ್ಲೇ ನಿಂತಿತು. ಆ ದಿನಗಳಲ್ಲಿ ಕೆಮ್ಮು ಎಂದರೆ ಏನೆಂದು ನನಗೇ ಮರೆತುಹೋಗಿತ್ತು.

ಸೋಮವಾರ ಬೆಳಿಗ್ಗೆ ಚೀರುತ್ತಿದ್ದ ಮಗಳನ್ನು ಹೊತ್ತುಕೊಂಡೇ ಶಿಶುವಿಹಾರಕ್ಕೆ ಹೋದೆ. ಒಳಗೆ ಮಕ್ಕಳು ಮರಳಿನಲ್ಲಿ ಬಕೆಟ್ಟು ಬೋರಲು ಹಾಕುತ್ತಿದ್ದರು. ಅವರನ್ನು ಕಂಡದ್ದೇ ಅವಳ ಅಳು ನಿಂತಿತು. ಮೆಲ್ಲಗೆ ನನ್ನ ಕಂಕುಳಿಂದ ಜಾರಿ ಕೆಳಗಿಳಿದಳು. ಟೀಚರು ಗೇಟಿನಲ್ಲೇ ಅವಳ ಹಣೆಗೆ ಥರ್ಮಾಮೀಟರು ಹಿಡಿದು, "ಗೆಂಕಿ?" ಎಂದು ವಿಚಾರಿಸಿದರು. ಚೆನ್ನಾಗಿದ್ದೀಯಾ ಎಂದು ಅದರ ಅರ್ಥ.

ಹೊರಗಿನವರೊಂದಿಗೆ ಒಂದಕ್ಷರ ಆಡದಿದ್ದ ನನ್ನ ಮಗಳು, ಟಿ.ವಿ.ಯಲ್ಲಿ ಕಲಿತ ಜಪಾನಿ ಕೆಮ್ಮನ್ನು ಎದೆ ಹಿಡಿದು ಅಭಿನಯಿಸಿ ಗಟ್ಟಿಯಾಗಿ ಹೇಳಿದಳು: "ಅಮ್ಮ ಗೊಹೊನ್ ಗೊಹೊನ್! ಅಪ್ಪ ಗೊಹೊನ್ ಗೊಹೊನ್!"

ಟೀಚರು ಒಂದು ಹೆಜ್ಜೆ ಹಿಂದೆ ಸರಿದರು. ನನ್ನ ಮುರುಕು ಜಪಾನಿಯಲ್ಲಿ ಮೆಣಸಿನಕಾಯಿ ಸುಟ್ಟೆ ಎಂದೆ. ಯಾಕೆ ಸುಟ್ಟಿರಿ ಎಂದು ಕೇಳಿದರು. ಮಗು ಊಟ ಮಾಡುತ್ತಿರಲಿಲ್ಲ, ಅದಕ್ಕೆ ಎಂದೆ. ಪಾಪ, ಆಕೆ ಗಂಭೀರವಾಗಿ ತಲೆಯಾಡಿಸಿದರು. ಆದರೂ ಮನೆಯಲ್ಲಿ ಯಾರೇ ಕೆಮ್ಮಿದರೂ ಎರಡು ವಾರ ಬರುವಂತಿಲ್ಲ, ಎಲ್ಲ ಮಕ್ಕಳಿಗೂ ಇದೇ ನಿಯಮ ಎಂದು ಕ್ಷಮೆ ಕೇಳುತ್ತ, ಬಾಗುತ್ತ, ಗೇಟು ಹಾಕಿಕೊಂಡರು.

ಎರಡು ವಾರ. ಮತ್ತೆ ಅದೇ ಮೇಜು, ಅದೇ ಬಾಲ್ಕನಿ. "ಬಾ ಪುಟ್ಟಿ, ಮನೆಗೆ ಹೋಗೋಣ" ಎಂದು ಕೈ ಹಿಡಿದರೆ ಮಗು ಬರಲೊಲ್ಲದು. ಎರಡೂ ಕೈಯಲ್ಲಿ ಗೇಟಿನ ಕಂಬಿ ಹಿಡಿದು ಮೂಗನ್ನು ಸಂದಿಗೆ ತೂರಿಸಿತ್ತು. ಒಳಗಿನಿಂದ ಒಬ್ಬ ಹುಡುಗಿ ಮರಳು ತುಂಬಿದ ಬಕೆಟ್ಟು ಎತ್ತಿ ತೋರಿಸಿದಳು.

"ನಂಗೂ" ಎಂದಳು ಮಗಳು.

ಒಂದೊಂದೇ ಬೆರಳು ಬಿಡಿಸಿ ಎತ್ತಿಕೊಂಡೆ. ದಾರಿಯುದ್ದಕ್ಕೂ ನನ್ನ ಹೆಗಲ ಮೇಲಿಂದ ಹಿಂದಕ್ಕೆ ಕೈ ಚಾಚಿ, ಬೀದಿಗೆಲ್ಲ ಕೇಳುವಂತೆ ಅತ್ತಳು. ಮನುಷ್ಯರ ಹತ್ತಿರ ಹೋಗಬೇಕೆಂದು ಅವಳು ಅತ್ತದ್ದು ಅದೇ ಮೊದಲು; ನಾನು ಸಮಾಧಾನ ಮಾಡಲು ಹೋಗಲಿಲ್ಲ.