ಎರಡಿಂಚಿನ ಮೊಳೆ

ಎಪ್ಪತ್ತರ ದಶಕದ ಆರಂಭದಲ್ಲಿ ನಾನು ಬಳ್ಳಾರಿಯ ಗಾಂಧಿನಗರದ ಒಂದು ಸ್ಟುಡಿಯೋದಲ್ಲಿ ಕೆಲಸ ಬಿಟ್ಟು, ಕುರುಗೋಡಿನಲ್ಲಿ ಬಸ್ಸು ನಿಲ್ಲುವ ಕಡೆ ಸ್ವಂತ ಫೋಟೊ ಸ್ಟುಡಿಯೋ ತೆರೆದೆ. ಮುಂದಿನ ಕೋಣೆ ಕಲ್ಲಿನದು. ಅದರ ಹಿಂದೆ, ಫಿಲ್ಮ್ ತೊಳೆಯುವ ಕತ್ತಲೆಕೋಣೆಯನ್ನು ಮಾತ್ರ ನಾನೂ ನನ್ನ ಹೆಂಡತಿಯೂ ಮರದಲ್ಲೇ ಕಟ್ಟಿಕೊಂಡೆವು. ನೆಟ್ಟಗೆ ನಿಲ್ಲಿಸಿದ ಮರದ ಪಟ್ಟಿಗಳಿಗೆ, ಅಂದರೆ ರೀಪುಗಳಿಗೆ, ಒಳಗಿನಿಂದ ಹಳೆಯ ಪೆಟ್ಟಿಗೆಗಳ ತೆಳು ಹಲಗೆ ಬಡಿದದ್ದಾಯಿತು. ಆದರೆ ಬಾಗಿಲು ಹಾಕಿಕೊಂಡರೆ ಪ್ರತಿ ಸಂದಿಯಲ್ಲೂ ಬೆಳಕಿನ ಗೆರೆ. ಹೊರಗಿನಿಂದ ಇನ್ನೊಂದು ಪದರ ಹಲಗೆ ಹೊದಿಸದೆ ಗತಿಯಿರಲಿಲ್ಲ.

ಮುಕ್ಕಾಲು ಇಂಚು ದಪ್ಪದ ಮಾವಿನ ಹಲಗೆ ತಂದೆವು. ಕೆಳಗಿನ ಹಲಗೆಯ ಅಂಚಿನ ಮೇಲೆ ಮೇಲಿನದು ಬರುವಂತೆ, ಹಂಚು ಹೊದಿಸಿದ ಹಾಗೆ ಜೋಡಿಸಿದೆವು. ಅವಳು ಹಿಡಿದಳು, ನಾನು ಬಡಿದೆ. ಮೊಳೆ ಒಂದಿಂಚಿನವು. ಸಣ್ಣ ಮೊಳೆಯಾದರೆ ಹಲಗೆ ಸೀಳುವುದಿಲ್ಲ ಎಂದು ನನ್ನ ಲೆಕ್ಕ. ಮುಗಿದ ಮೇಲೆ ಒಳಗೆ ಹೋಗಿ ನೋಡಿದರೆ ನನ್ನ ಕೈ ನನಗೇ ಕಾಣದಷ್ಟು ಕತ್ತಲೆ. ಅಂಥ ಕತ್ತಲೆ ಕಂಡು ಇಬ್ಬರೂ ಕುಣಿಯುವುದೊಂದು ಬಾಕಿ.

ಬೇಸಿಗೆ ಬಂತು. ಹಚ್ಚೊಳ್ಳಿಯಿಂದ ಮಗಳ ಮನೆಗೆ ಬಂದಿದ್ದ ಅಜ್ಜಿಯೊಬ್ಬಳು ಫೋಟೊ ತೆಗೆಸಲು ಬಂದಳು. ಸಿರುಗುಪ್ಪದವರೆಗೆ ಟ್ರ್ಯಾಕ್ಟರಿನಲ್ಲಿ, ಅಲ್ಲಿಂದ ಬಸ್ಸಿನಲ್ಲಿ ಬಂದಿದ್ದಳಂತೆ. ಹುಟ್ಟಿದಾಗಿನಿಂದ ಒಂದೂ ಫೋಟೊ ತೆಗೆಸಿರಲಿಲ್ಲ. ಕ್ಯಾಮೆರಾದ ಮುಂದೆ ಉಸಿರು ಬಿಗಿಹಿಡಿದು ಕೂತವಳನ್ನು ನಗಿಸುವುದೇ ದೊಡ್ಡ ಕೆಲಸವಾಯಿತು.

ಮಧ್ಯಾಹ್ನ ಆ ಫಿಲ್ಮ್ ತೊಳೆಯುತ್ತಿದ್ದೆ. ಪಡುವಣ ಗೋಡೆಯ ಕಡೆ ಫಟ್ ಎಂದು ಸದ್ದಾಯಿತು. ಬಿಸಿಲಿಗೆ ಡೊಂಕಾದ ಹಲಗೆಯೊಂದು ಮೊಳೆಯನ್ನೂ ಕಿತ್ತುಕೊಂಡು ಎದ್ದುನಿಂತಿತ್ತು. ಬೆಳಕು ಒಳಗೆ ನುಗ್ಗಿತು, ಫಿಲ್ಮ್ ಪೂರ್ತಿ ಕಪ್ಪಾಯಿತು. ಒಂದಿಂಚಿನ ಮೊಳೆಯಲ್ಲಿ ಮುಕ್ಕಾಲು ಪಾಲು ಹಲಗೆಯಲ್ಲೇ ಮುಗಿದು, ಹಿಂದಿನ ರೀಪಿಗೆ ಸಿಕ್ಕಿದ್ದು ಬರೀ ತುದಿ.

ಮರುದಿನ ಅಳುಕುತ್ತಲೇ ಅಜ್ಜಿಯ ಮಗಳ ಮನೆಗೆ ಹೋದೆ.

"ಅಜ್ಜಿ, ಫೋಟೊ ಕೆಟ್ಟೈತ್ರಿ. ಇನ್ನೊಮ್ಮಿ ಬರಬೇಕಾಗತೈತಿ."

"ಚೊಲೋ ಆತು ಬಿಡಪಾ," ಎಂದಳು ಅಜ್ಜಿ. "ಅವತ್ತು ಕಣ್ಣು ಮುಚ್ಚಿಬಿಟ್ಟಿನೇನೋ ಅಂತ ನನಗ ಚಿಂತಿ ಹತ್ತಿತ್ತು. ಈ ಸಲ ಇಳಕಲ್ ಸೀರಿ ಉಟಗೊಂಡು ಬರ್ತೀನಿ."

ನಾನು ಅಂದೇ ಬಳ್ಳಾರಿಗೆ ಹೋಗಿ ಮೂರಿಂಚಿನ ಮೊಳೆ ತಂದು ಗೋಡೆಯುದ್ದಕ್ಕೂ ಬಡಿದೆ. ಇನ್ನು ಬಿರುಗಾಳಿಗೂ ಜಗ್ಗುವುದಿಲ್ಲ ಎನ್ನುವಷ್ಟು ಗಟ್ಟಿಯಾಯಿತು. ಒಳಗಡೆ ಅಲ್ಲಲ್ಲಿ ಮೊಳೆಯ ತುದಿ ಇಣುಕಿದ್ದು ಕಂಡೆ. ಆಮೇಲೆ ಮಡಚಿದರಾಯಿತು ಎಂದುಕೊಂಡೆ.

ಅಜ್ಜಿ ಹೇಳಿದಂತೆ ಇಳಕಲ್ ಸೀರೆ ಉಟ್ಟು ಬಂದಳು. ಫೋಟೊ ತೆಗೆದದ್ದಾಯಿತು. ಈ ಸಲ ಸರಿ ಬಂತೋ ಇಲ್ಲವೋ ತಿಳಿಯದೆ ಏಳುವುದಿಲ್ಲ ಎಂದು ಬೆಂಚಿನ ಮೇಲೆ ಕೂತೇಬಿಟ್ಟಳು. ನಾನು ಕತ್ತಲೆಕೋಣೆ ಸೇರಿದೆ. ಆ ಕಾಲದಲ್ಲಿ ಫಿಲ್ಮಿನ ಎರಡು ತುದಿಗಳನ್ನು ಎರಡು ಕೈಯಲ್ಲಿ ಹಿಡಿದು ತಟ್ಟೆಯ ಔಷಧದ ನೀರಿನಲ್ಲಿ ಮೇಲಕ್ಕೂ ಕೆಳಕ್ಕೂ ಆಡಿಸುತ್ತಲೇ ಇರಬೇಕಿತ್ತು. ಹಾಗೆ ಆಡಿಸುತ್ತಾ ಒಂದು ಹೆಜ್ಜೆ ಹಿಂದೆ ಸರಿದೆ. ಯಾರೋ ಅಂಗಿಯ ಬೆನ್ನು ಹಿಡಿದು ಜಗ್ಗಿದಂತಾಯಿತು! "ಅಯ್ಯೋ! ಯಾರೋ ಹಿಡಕೊಂಡ್ರು!" ಎಂದು ಕೂಗಿಬಿಟ್ಟೆ.

"ಏನಾತ್ರೀ?" ಹೊರಗಿನಿಂದ ಹೆಂಡತಿ ಓಡಿಬಂದಳು. "ಬಾಗಿಲ ತೆಗೀಲೇನು?"

"ತೆಗೀಬ್ಯಾಡ! ಬೆಳಕು ಬಿದ್ದರ ಮತ್ತ ಕೆಡತೈತಿ!"

"ಒಳಗ ಯಾರು ಹಿಡಕೊಂಡಾರ ಯವ್ವಾ ನಿನ್ನ ಗಂಡನ್ನ?" ಅಜ್ಜಿಯ ದನಿ.

"ಮೊಳಿ ಹಿಡಕೊಂಡೈತಿ ಅಜ್ಜೀ!" ಎಂದು ನಾನೇ ಒಳಗಿನಿಂದ ಕೂಗಿದೆ.

ಹೊರಗೆ ಇಬ್ಬರೂ ನಗಲು ಶುರುಮಾಡಿದರು. ನನಗೆ ಕೈ ಬಿಡುವಂತಿಲ್ಲ, ಮೈ ಅಲುಗಿಸುವಂತಿಲ್ಲ. ಗೂಟಕ್ಕೆ ಕಟ್ಟಿದ ಕರುವಿನಂತೆ ನಿಂತು ಫಿಲ್ಮ್ ಆಡಿಸಿದೆ. ಅವರ ನಗು ಕೇಳಿ ಕೊನೆಗೆ ನನಗೂ ತಡೆಯಲಾಗಲಿಲ್ಲ. ಕೆಲಸ ಮುಗಿಸಿ ಅಂಗಿ ಬಿಡಿಸಿಕೊಂಡು ಹೊರಬಂದಾಗ ಬೆನ್ನ ಮೇಲೆ ಅಂಗೈ ಅಗಲದ ಹರುಕು. ಫಿಲ್ಮ್ ಮಾತ್ರ ಕನ್ನಡಿಯಷ್ಟು ಸ್ಪಷ್ಟವಾಗಿತ್ತು.

ಅಜ್ಜಿ ಹೋದ ಮೇಲೆ ಹೆಂಡತಿ ಉಳಿದ ಹಲಗೆಯ ಚೂರು, ರೀಪಿನ ಚೂರು ಎರಡನ್ನೂ ಒತ್ತಿ ಹಿಡಿದಳು. ನಾನು ಡಬ್ಬಿಯಲ್ಲಿದ್ದ ಬೇರೆ ಬೇರೆ ಅಳತೆಯ ಮೊಳೆಗಳನ್ನು ಒಂದೊಂದಾಗಿ ಪಕ್ಕದಲ್ಲಿ ಇಟ್ಟು ನೋಡಿದೆ. ಎರಡಿಂಚಿನದು ಹಲಗೆ ದಾಟಿ ರೀಪಿನೊಳಕ್ಕೆ ಬೇಕಾದಷ್ಟು ಇಳಿದು, ಅಲ್ಲೇ ನಿಲ್ಲುತ್ತಿತ್ತು.

"ಇದನ್ನ ಮೊದಲ ದಿನಾನೇ ನೋಡಬಹುದಿತ್ತಲ್ರೀ," ಎಂದಳು.

"ನೋಡಿದ್ರ ಅಜ್ಜಿ ಇಳಕಲ್ ಸೀರಿ ಉಡತಿದ್ದಿಲ್ಲ," ಎಂದೆ.

ಮೊಳೆಗಳನ್ನೆಲ್ಲ ಕಿತ್ತು ಎರಡಿಂಚಿನವನ್ನು ಬಡಿದು, ಹಳೆಯ ತೂತುಗಳಿಗೆ ಮರದ ಪುಡಿಯಲ್ಲಿ ಅಂಟು ಕಲಸಿ ತುಂಬಿದೆವು. ಫೋಟೊ ಒಯ್ಯಲು ಬಂದ ಅಜ್ಜಿ ಅದನ್ನು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. "ನಮ್ಮವ್ವ ಥೇಟ್ ಹಿಂಗ ಇದ್ಲು ನೋಡು. ಆಕಿದು ಒಂದೂ ಫೋಟೊ ಇಲ್ಲ," ಎಂದಳು. ಆಮೇಲೆ ನನ್ನ ಹೆಂಡತಿಯ ಕಡೆ ತಿರುಗಿ, "ಇಂಥಾದು ಇನ್ನೊಂದು ಮಾಡಿಕೊಡ್ರಿ. ಒಂದು ಮಗಳಿಗೆ, ಒಂದು ನನಗ," ಎಂದು ಬೆಂಚಿನ ಮೇಲೆ ಕಾಯುತ್ತ ಕೂತಳು.