ಒಣಗುಂಡಿನ ಸರ

“ಕೋವಿಗೆ ಮದ್ದು ಹಾಕೋದನ್ನ ಮರೆಯೋ ಗಂಡಸು ಊಟಕ್ಕೆ ಕೂತಾಗ ಬಾಯಿ ತೆರೆಯೋದನ್ನೂ ಮರೀತಾನೆ. ನಾನು ಈ ಜನ್ಮದಲ್ಲಿ ಮರೆತಿಲ್ಲ. ಇನ್ನೊಬ್ಬನ ಕೋವಿ ನೋಡಿ ಹೊಟ್ಟೆ ಉರ್ಕೊಂಡೂ ಇಲ್ಲ.”

ಎಲ್‌ವುಡ್ ಟ್ರೌಟ್‌ಮನ್‌ನ ಈ ಮಾತನ್ನು ಕೇಳದ ಹಸುವೂ ಪೆನ್ಸಿಲ್ವೇನಿಯಾದ ಮಹಾಂಟಾಂಗೋ ಕಣಿವೆಯಲ್ಲಿ ಇರಲಿಲ್ಲ. ಅವನು ಪ್ರೆಟ್ಜೆಲ್ ಎಂಬ ಗಂಟುಬಿಸ್ಕತ್ತಿನ ಕಾರ್ಖಾನೆಯ ಒಲೆಯ ಮುಂದೆ ಬದುಕು ಸವೆಸಿ ನಿವೃತ್ತನಾದವನು. ಹಿಟ್ಟಿನ ಎಳೆಗಳನ್ನು ಗಂಟು ಹಾಕಿ ಹಾಕಿ ಅವನ ಬೆರಳುಗಳು ಎಂಥ ಅಭ್ಯಾಸಕ್ಕೆ ಬಿದ್ದಿದ್ದವೆಂದರೆ, ಚರ್ಚಿನಲ್ಲಿ ಕೈ ಜೋಡಿಸಿ ಪ್ರಾರ್ಥನೆಗೆ ಕೂತರೆ ಆಮೇಲೆ ಬಿಡಿಸಲು ಹೆಂಡತಿ ಮೇಬಲ್ಲೇ ಬರಬೇಕಾಗಿತ್ತು.

ಕ್ರಿಸ್ಮಸ್ ಕಳೆದ ಮೇಲಿನ ಹಿಮದಲ್ಲಿ ಆ ಕಣಿವೆಯ ಗಂಡಸರು ಜಿಂಕೆ ಬೇಟೆಗೆ ಹೊರಡುವುದು ಮುತ್ತಜ್ಜಂದಿರ ಕಾಲದ ಚಕಮಕಿ ಕೋವಿ ಹಿಡಿದು. ಗಂಡನಿಗೂ ಅದರ ಹುಚ್ಚು ಹಿಡಿದದ್ದನ್ನು ಕಂಡ ಮೇಬಲ್ ಒಂದು ಕ್ರಿಸ್ಮಸ್‌ಗೆ ಪೆಟ್ಟಿಗೆಯಲ್ಲಿ ಬಿಡಿಬಿಡಿಯಾಗಿ ಬರುವ ಕೋವಿಯ ಕಿಟ್ ತರಿಸಿಕೊಟ್ಟಳು. ಮೇಬಲಳ ತಂಗಿಯೂ ಅಂಥದ್ದೇ ಒಂದನ್ನು ತನ್ನ ಗಂಡ ಡೆಲ್ಮರ್‌ಗೆ ತರಿಸಿದಳು. ಡೆಲ್ಮರ್ ಎಂದರೆ ಎಲ್‌ವುಡ್‌ನ ಷಡ್ಡಕ. ಅವನು ಪೆಟ್ಟಿಗೆ ತೆರೆದು, ಒಳಗೆ ಇಣುಕಿ, ಮತ್ತೆ ಮುಚ್ಚಿ ಎಲ್‌ವುಡ್‌ನ ಅಡುಗೆಮನೆ ಮೇಜಿನ ಮೇಲೆ ಇಟ್ಟು ಹೋದ. ಆ ಚಳಿಗಾಲವೆಲ್ಲ ಎಲ್‌ವುಡ್ ಎರಡು ಕೋವಿಗಳನ್ನೂ ಅರ ಹಿಡಿದು ಉಜ್ಜಿ ಜೋಡಿಸಿದ. ಮೇಬಲ್ ಮಾಡಿದ ಕಡುಬಿನಲ್ಲಿ ಕಬ್ಬಿಣದ ಪುಡಿ ಎಷ್ಟಿತ್ತೆಂದರೆ ಮಳೆಗಾಲದಲ್ಲಿ ಎಲ್‌ವುಡ್‌ನ ಹೊಟ್ಟೆ ತುಕ್ಕು ಹಿಡಿಯಿತು.

ಕೋವಿಯೇನೋ ಕೋವಿಯಾಯಿತು. ಆದರೆ ಕಿಡಿ ಹಾರಿಸುವ ಕೀಲು ಬಲು ಸೋಮಾರಿ. ಟ್ರಿಗರ್ ಎಳೆದರೆ ಮೊದಲು ‘ಟಕ್’ ಎನ್ನುವುದು, ಆಮೇಲೆ ‘ಸುಯ್’ ಎನ್ನುವುದು, ಆಮೇಲೆ ಮನಸ್ಸಿದ್ದರೆ ಢಂ ಎನ್ನುವುದು. ಅಷ್ಟರಲ್ಲಿ ಜಿಂಕೆ ಹೆಂಡತಿ ಮಕ್ಕಳ ಕ್ಷೇಮಸಮಾಚಾರ ಕೇಳಿಕೊಂಡು ಹೊರಟುಹೋಗಿರುತ್ತಿತ್ತು. ಆದರೂ ಷಡ್ಡಕರಿಬ್ಬರ ಕೋವಿಯೂ ಒಂದೇ ಥರ ಸೋಮಾರಿಯಾಗಿದ್ದರಿಂದ ಎಲ್‌ವುಡ್‌ಗೆ ಚೆನ್ನಾಗಿ ನಿದ್ದೆ ಬರುತ್ತಿತ್ತು.

ನಿದ್ದೆ ಕೆಟ್ಟದ್ದು ಡೆಲ್ಮರ್ ಹೊಸ ಕೋವಿ ಕೊಂಡ ಮೇಲೆ. ಊರೂರಿನ ಗುರಿಸ್ಪರ್ಧೆಗಳಲ್ಲಿ ಡೇರೆ ಹಾಕುವ ವ್ಯಾಪಾರಿಯೊಬ್ಬನಿಂದ ತಂದದ್ದು. ಹುಲಿಪಟ್ಟೆಯಂಥ ಗೆರೆಗಳಿರುವ ಮೇಪಲ್ ಮರದ ಹಿಡಿ, ಅದರ ತುಂಬ ಬಳ್ಳಿ ಕೆತ್ತನೆ, ಕೆನ್ನೆ ಒರಗುವ ಕಡೆ ಬೆಳ್ಳಿಯ ನಕ್ಷತ್ರ. ಡೆಲ್ಮರ್ ಅದನ್ನು ಮಗುವಿನ ಹಾಗೆ ಎತ್ತಿಕೊಂಡು ಭಾವನ ಮನೆಗೆ ಬಂದ.

“ಮುಟ್ಟು ಭಾವ, ಪರವಾಗಿಲ್ಲ. ಕೈ ತೊಳ್ಕೊಂಡಿದೀಯ ತಾನೆ?”

“ಚೆನ್ನಾಗಿದೆ,” ಎಂದ ಎಲ್‌ವುಡ್. ಆ ಒಂದು ಮಾತು ಹೊರಡಿಸಲು ಅವನಿಗೆ ಹಲ್ಲು ಕೀಳಿಸಿಕೊಂಡಷ್ಟು ಯಾತನೆಯಾಯಿತು.

“ಕಿಟ್ ಕೋವಿ ಅನ್ನೋದು ಮೂರು ಚಕ್ರದ ಸೈಕಲ್ ಇದ್ದ ಹಾಗೆ ಭಾವ. ಕಲಿಯೋಕೆ ಸರಿ. ಅದರಲ್ಲೇ ಮುದುಕರಾಗೋಕಾಗುತ್ತಾ?”

ಅಂದಿನಿಂದ ಎಲ್‌ವುಡ್‌ನ ಹೊಟ್ಟೆಯಲ್ಲಿ ಹೊತ್ತಿಕೊಂಡ ಬೆಂಕಿಗೆ ಪ್ರೆಟ್ಜೆಲ್ ಕಾರ್ಖಾನೆಯ ಒಲೆಯೂ ನಾಚಬೇಕು. ಮೇಬಲ್ ಆ ಚಳಿಗಾಲ ಸೌದೆಯನ್ನೇ ಕೊಳ್ಳಲಿಲ್ಲ ಎನ್ನುತ್ತಾರೆ. ತನ್ನ ಕೋವಿಯನ್ನು ನೋಡಿದರೆ ಎಲ್‌ವುಡ್‌ಗೆ ಬೇಲಿಗೂಟದ ಹಾಗೆ ಕಾಣುತ್ತಿತ್ತು. ಕಡೆಗೆ ಆ ವ್ಯಾಪಾರಿಯ ಹತ್ತಿರವೇ ಹೋಗಿ, ಅದೇ ಜಾತಿಯ, ಆದರೆ ಎರಡು ಬೆಳ್ಳಿ ನಕ್ಷತ್ರಗಳಿರುವ ಕೋವಿಯೊಂದನ್ನು ತನಗೆಂದು ತೆಗೆದಿಡಿಸಿದ. ಶರತ್ಕಾಲದ ಸ್ಪರ್ಧೆ ಮುಗಿದೊಡನೆ ಕೈಗೆ ಬರಬೇಕೆಂದು ಮಾತಾಯಿತು.

ಸ್ಪರ್ಧೆಯ ದಿನ ಕಬ್ಬಿಣದ ಕೊಪ್ಪರಿಗೆಯಲ್ಲಿ ಹುರುಳಿಕಾಯಿ ಬೀಜದ ಸಾರು ಕುದಿಯುತ್ತಿತ್ತು. ಆದರೆ ಜನ ಸಾರು ಬಿಟ್ಟು ಡೆಲ್ಮರ್‌ನ ಸುತ್ತ ನೆರೆದಿದ್ದರು. ಎಲ್‌ವುಡ್‌ನ ಸರದಿ ಬಂತು. ಅವನ ಕೈ ಕೋವಿ ತುಂಬುತ್ತಿತ್ತು, ಕಣ್ಣು ಆ ಗುಂಪಿನಲ್ಲಿತ್ತು. ಯಾರೋ ಬೆಳ್ಳಿ ನಕ್ಷತ್ರವನ್ನು ಸವರುತ್ತಿದ್ದರು. ಎಲ್‌ವುಡ್ ನಳಿಗೆಯೊಳಕ್ಕೆ ಗುಂಡು ಇಳಿಸಿದ, ಗಜಕಡ್ಡಿಯಿಂದ ಜಡಿದ, ಕಿಡಿ ಬೀಳುವ ಹೊರಗಿನ ಬಟ್ಟಲಿಗೆ ಚಿಟಿಕೆ ಮದ್ದು ಉದುರಿಸಿದ, ಗುರಿ ಹಿಡಿದ, ಎಳೆದ.

ಟಕ್. ಸುಯ್.

ಅಷ್ಟೇ. ಎಲ್ಲರೂ ಢಂ ಎನ್ನುವುದಕ್ಕೆ ಕಾದರು. ಕಾದು ಕಾದು ಕೆಲವರ ಗಡ್ಡ ಬೆಳೆಯಿತು. ನಳಿಗೆಯೊಳಗೆ ಗುಂಡಿತ್ತು, ಅದರ ಹಿಂದೆ ಇರಬೇಕಾಗಿದ್ದ ಮದ್ದು ಇರಲಿಲ್ಲ.

“ಒಣಗುಂಡು,” ಎಂದಳು ವರ್ನಾ ಶಾಡೆ, ಸೌಟು ಕೆಳಗಿಡದೆಯೇ. ಕೋವಿ ಮಾಡುವುದನ್ನು ಅಪ್ಪನಿಂದ ಕಲಿತ ಈ ಮುದುಕಿಯ ಹುಲ್ಲುಗಾವಲಿನಲ್ಲೇ ಸ್ಪರ್ಧೆ ನಡೆಯುವುದು. “ಸರ ತನ್ನಿ.”

ಅಲ್ಲಿಯ ಕಟ್ಟಳೆ ಹೀಗೆ. ಮದ್ದು ಮರೆತು ಗುಂಡು ಜಡಿದವನ ಕೊರಳಿಗೆ ಚರ್ಮದ ದಾರದಲ್ಲಿ ಪೋಣಿಸಿದ ಸೀಸದ ಗುಂಡು ಬೀಳುತ್ತದೆ. ಮತ್ತೊಬ್ಬ ಅದೇ ತಪ್ಪು ಮಾಡುವ ತನಕ ನಾಲ್ಕು ಜನ ಸೇರಿದಲ್ಲೆಲ್ಲ ಅದನ್ನು ಹಾಕಿಕೊಂಡೇ ಹೋಗಬೇಕು. ಅಲ್ಲದೆ ಅಂದು ಸ್ಪರ್ಧೆಗೆ ಬಂದ ಎಲ್ಲರ ಕೋವಿಯನ್ನೂ ಬಿಸಿನೀರಲ್ಲಿ ತೊಳೆದುಕೊಡಬೇಕು.

ಡೆಲ್ಮರ್ ತಾನೇ ಮುಂದೆ ಬಂದು ಸರ ತೊಡಿಸಿದ. “ಒಳ್ಳೇದಾಯ್ತು ಭಾವ. ಇನ್ಮೇಲೆ ಮೇಬಲ್ ನಿನ್ನ ಮೇಯೋಕೆ ಬಿಟ್ಟರೂ ಸಂಜೆ ಹುಡುಕೋದು ಸುಲಭ. ನನ್ನ ಕೋವೀನ ಕಡೇಲಿ, ಬೇರೆ ತಿಳಿನೀರು ತಂದು ತೊಳಿ.”

ಎಲ್‌ವುಡ್ ಬಕೆಟ್ಟಿನ ಮುಂದೆ ಕೂತು ತೊಳೆದ. ಕಡೆಗೆ ಡೆಲ್ಮರ್‌ನ ಕೋವಿ ಮಡಿಲಿಗೆ ಬಂತು. ಅದನ್ನು ನೀರಿನಲ್ಲಿ ಮುಳುಗಿಸಿಬಿಡಲೇ ಎಂದೂ ಒಮ್ಮೆ ಅನ್ನಿಸಿತು. ನೀರು ಹೊಯ್ಯುವ ಮೊದಲು ಕೀಲನ್ನು ಕಳಚಬೇಕಲ್ಲ, ತಿರುಪು ಬಿಚ್ಚಿ ಕಳಚಿದ. ಬೋರಲು ಹಾಕಿ ನೋಡಿದವನು ಹಾಗೇ ಕೂತುಬಿಟ್ಟ.

ಒಳಬದಿಯಲ್ಲಿ, ಬಾಗಿದ ಕಮಾನಿನ ಕೆಳಗೆ, ಬಾತುಕೋಳಿಯ ಪಾದದಂಥ ಗುರುತು. ಒಂದು ಚಳಿಗಾಲವಿಡೀ ಅರದಿಂದ ಉಜ್ಜುತ್ತ ಆ ಗುರುತನ್ನು ಅವನು ಹೆಂಡತಿಯ ಮುಖಕ್ಕಿಂತ ಹೆಚ್ಚು ನೋಡಿದ್ದ. ಇದು ಕಿಟ್ಟಿನ ಪೆಟ್ಟಿಗೆಯಲ್ಲಿ ಬರುವಂಥದ್ದೇ ಕೀಲು. ಬೆಳ್ಳಿ, ಬಳ್ಳಿ, ಹುಲಿಪಟ್ಟೆ, ಎಲ್ಲದರ ಒಳಗೆ ಅದೇ ಸೋಮಾರಿ. ಪೆಟ್ಟಿಗೆಯನ್ನೇ ಮುಚ್ಚಿಟ್ಟುಹೋದ ಡೆಲ್ಮರ್‌ಗೆ ಇದು ಈ ಜನ್ಮದಲ್ಲಿ ತಿಳಿಯುವಂತಿರಲಿಲ್ಲ. ಡೇರೆಯಲ್ಲಿ ಎರಡು ನಕ್ಷತ್ರ ಹೊತ್ತು ತನಗಾಗಿ ಕಾದಿರುವುದೂ ಇದರ ತಮ್ಮನೇ.

ಎದ್ದು ನಿಂತು ಕೂಗಿ ಹೇಳಬೇಕೆನಿಸಿತು. ಆದರೆ ಕೊರಳಲ್ಲಿ ಸೀಸದ ಗುಂಡು ನೇತಾಡುವ ಮನುಷ್ಯ ಏನು ಹೇಳಿದರೂ ಹೊಟ್ಟೆಕಿಚ್ಚೆಂದೇ ಜನ ಅನ್ನುತ್ತಾರೆ. ಅದು ಸುಳ್ಳೂ ಅಲ್ಲ. ಎಲ್‌ವುಡ್ ಕೀಲು ಒರೆಸಿ, ಎಣ್ಣೆ ಹಾಕಿ, ತಿರುಪು ಬಿಗಿದು ಕೊಟ್ಟ. ಡೇರೆಯ ಕಡೆ ತಿರುಗಿಯೂ ನೋಡದೆ ವರ್ನಾಳ ಕೊಟ್ಟಿಗೆಗೆ ನಡೆದ.

“ಒಳ್ಳೆ ಕೋವಿ ಬೇಕಿತ್ತು, ವರ್ನಕ್ಕ.”

“ಗುಂಡು ಹೊಡೆಯೋಕೋ, ಡೆಲ್ಮರ್ ಕಣ್ಣು ಕುಕ್ಕೋಕೋ?”

“ಎರಡಕ್ಕೂ ಆಗೋದು ಇಲ್ವಾ?”

ಅವಳು ಗೋಡೆಗೆ ಒರಗಿಸಿದ್ದ ಎರಡು ಕೋವಿ ತೋರಿಸಿದಳು. ಒಂದಕ್ಕೆ ಬೆಳ್ಳಿಯ ಚಂದ್ರ. ಇನ್ನೊಂದು ಬೋಳು ಬೋಳಾಗಿ, ಸುಟ್ಟ ಬ್ರೆಡ್ಡಿನ ಬಣ್ಣಕ್ಕಿತ್ತು. ಎಲ್‌ವುಡ್‌ನ ಕೈ ತಾನಾಗಿಯೇ ಚಂದ್ರನ ಕಡೆ ಹೋಯಿತು.

“ಕಣ್ಣು ಮುಚ್ಚಿ ಕೆನ್ನೆಗೆ ಒತ್ಕೋ. ಈಗ ಕಣ್ಣು ಬಿಡು. ಏನು ಕಾಣುತ್ತೆ?”

“ಸೂರು.”

“ಅದರ ಹಿಡಿ ಬೇರೆ ಯಾರದೋ ಕುತ್ತಿಗೆಗೆ ಕಡೆದದ್ದು. ಇದನ್ನ ಹಿಡಿ. ಕಣ್ಣು ಮುಚ್ಚಿ. ಕದ್ದು ನೋಡಬೇಡ, ಎಲ್‌ವುಡ್.”

ಈ ಸಲ ಕಣ್ಣು ತೆರೆದಾಗ ನಳಿಗೆ ತುದಿಯ ಗುರಿಮಣಿ ಹಿಂದಿನ ಕಚ್ಚಿನಲ್ಲಿ, ಗೂಡಿನಲ್ಲಿ ಕೂತ ಹಕ್ಕಿಯ ಹಾಗೆ ಕೂತಿತ್ತು. ಕೀಲನ್ನು ಮೀಟಿದರೆ ಎಂಥ ಕಿಡಿಗಳ ಮಳೆಯೆಂದರೆ ಕೊಟ್ಟಿಗೆಯ ಕೋಳಿಗಳು ಬೆಳಗಾಯಿತೆಂದು ಕೂಗಿದವು. ಎಲ್‌ವುಡ್ ಬೋಳು ಕೋವಿಯನ್ನೇ ಕೊಂಡ. ಬಾಗಿಲು ದಾಟುವಾಗ ಮಾತ್ರ ತಿರುಗಿ ಚಂದ್ರನನ್ನು ಇನ್ನೊಮ್ಮೆ ನೋಡಿದ.

ಹೊಟ್ಟೆಕಿಚ್ಚು ಅಷ್ಟಕ್ಕೆ ಆರುತ್ತದೆಂದು ತಿಳಿದವರಿಗೆ ಷಡ್ಡಕ ಇಲ್ಲವೆಂದು ಅರ್ಥ. ಸೀಸದ ಸರ ತೊಟ್ಟು ಎಲ್‌ವುಡ್ ಚರ್ಚಿಗೂ ಹೋದ, ಹೊಸ ವರ್ಷದ ಹಂದಿಮಾಂಸ, ಹುಳಿ ಎಲೆಕೋಸಿನ ಊಟಕ್ಕೂ ಹೋದ. ಡೆಲ್ಮರ್‌ನ ನಕ್ಷತ್ರದ ಒಳಗಿನ ಗುಟ್ಟು ಎಲ್‌ವುಡ್‌ಗೆ ಮಾತ್ರ ಗೊತ್ತು. ಜನ ಆ ಕೋವಿಯನ್ನೇ ಹೊಗಳುವಾಗ ಅವನ ಎಲೆಕೋಸು ಇನ್ನಷ್ಟು ಹುಳಿಯಾಗುತ್ತಿತ್ತು.

ವಸಂತದ ಸ್ಪರ್ಧೆಗೆ ಅವನು ಬೋಳು ಕೋವಿ ತಂದ. ಒಂದು ನೊಣವೂ ಅದರ ಮೇಲೆ ಕೂರಲಿಲ್ಲ.

“ಏನು ಭಾವ, ಇದಕ್ಕೆ ಬಟ್ಟೆ ತೊಡಿಸೋದು ಮರೆತೆಯಾ?” ಎಂದ ಡೆಲ್ಮರ್.

ಎಲ್‌ವುಡ್ ಕೋವಿ ತುಂಬಿದ, ಈ ಸಲ ಮದ್ದನ್ನೇ ಮೊದಲು. ಗುರಿ ಹಿಡಿದು ಎಳೆದ. ಟಕ್ ಇಲ್ಲ, ಸುಯ್ ಇಲ್ಲ, ಒಂದೇ ಢಂ. ದೂರದಲ್ಲಿ ಚುಚ್ಚಿಟ್ಟಿದ್ದ ಇಸ್ಪೀಟಿನ ಎಲೆಗೆ ನಟ್ಟನಡುವೆ ಕಣ್ಣು ಬಂತು. ಪಕ್ಕದಲ್ಲಿ ತನ್ನ ಕೋವಿ ತುಂಬುತ್ತಿದ್ದ ಡೆಲ್ಮರ್‌ನ ಕತ್ತು ಗೂಬೆಯ ಕತ್ತಿನ ಹಾಗೆ ತಿರುಗಿತು. ಅವನ ಕಣ್ಣು ಬೋಳು ಕೋವಿಯ ಕೀಲಿಗೆ ಅಂಟಿಕೊಂಡಿತು. ಹೊಟ್ಟೆಯಲ್ಲಿ ಬೆಂಕಿ ಹತ್ತಿದವನ ಮುಖ ಹೇಗಿರುತ್ತದೆಂದು ಕನ್ನಡಿಯಲ್ಲಿ ನೋಡಿ ಬಲ್ಲ ಎಲ್‌ವುಡ್‌ಗೆ ಗುರುತು ಸಿಕ್ಕಿತು. ಡೆಲ್ಮರ್ ಗುಂಡು ಇಳಿಸಿದ, ಜಡಿದ, ಹೊರಗಿನ ಬಟ್ಟಲಿಗೆ ಚಿಟಿಕೆ ಮದ್ದು ಉದುರಿಸಿದ, ಗುರಿ ಹಿಡಿದ, ಎಳೆದ.

ಟಕ್. ಸುಯ್.

ಕೊಪ್ಪರಿಗೆಯ ಹತ್ತಿರದಿಂದ ವರ್ನಾ ಸೌಟು ಎತ್ತಿದಳು. ಎಲ್‌ವುಡ್ ಸೀಸದ ಸರವನ್ನು ಕೊರಳಿಂದ ತೆಗೆದು ಡೆಲ್ಮರ್‌ಗೆ ತೊಡಿಸಿ, ಗುಂಡು ಎದೆಯ ನಡುವೆ ಬರುವಂತೆ ನೇರ ಮಾಡಿದ.

“ಸರಿ ಸರಿ, ನಗಬೇಡ,” ಎಂದ ಡೆಲ್ಮರ್. “ತೊಳೆದುಕೊಡ್ತೀನಿ, ತಾ ನಿನ್ನ ಬೇಲಿಗೂಟಾನ. ಅಂಥದ್ದೇನಿದೆಯಪ್ಪ ಅದರ ಒಳಗೆ?”

“ಕೀಲು ಬಿಚ್ಚಿ ನೋಡ್ಕೋ, ಎಲ್ಲರಿಗೂ ತೋರಿಸು,” ಎಂದ ಎಲ್‌ವುಡ್. “ನಿನ್ನದನ್ನ ಮಾತ್ರ ಮನೆಗೆ ಹೋಗಿ, ಬಾಗಿಲು ಹಾಕ್ಕೊಂಡು ಬಿಚ್ಚು.”